ಅವಳನ್ನು ಕರೆಯುವ ಹೆಸರು

ಏನೂಂದ್ರೆ,

ನೀವು ತೀರಿಕೊಂಡ ಮೇಲೆ ಅಟ್ಟ ಸೇರಿದ್ದ ಕಂಪ್ಯೂಟರಿನಿಂದ ರಿಪೇರಿಯವನು ಇವತ್ತು ನಿಮ್ಮ ಬಿಟ್‌ಕಾಯಿನ್ ಹಣವಿರುವ ವಾಲೆಟ್ಟಿನ ಫೈಲನ್ನು ಹೊರಗೆ ತೆಗೆದ. ಅದು ಪಾಸ್‌ವರ್ಡ್ ಕೇಳಿತು. ಮರೆತರೆ ಇರಲಿ ಎಂದು ನೀವೇ ಹಾಕಿಟ್ಟ ಸುಳಿವು ಪರದೆಯ ಮೇಲೆ ಬಂತು: 'ಅವಳನ್ನು ನಾನು ಕರೆಯುವ ಹೆಸರು.'

ಮನೆಮಂದಿಯೆಲ್ಲ ನನ್ನ ಕಡೆ ತಿರುಗಿದರು. ನನ್ನ ಹೆಸರು ಹಾಕಿದರು, ತೆರೆಯಲಿಲ್ಲ.

"ಮುದ್ದಿನ ಹೆಸರೇನೋ ಇರತ್ತೆ. ನಾಚ್ಕೋಬೇಡಮ್ಮ, ನಾವೆಲ್ಲ ಆಚೆ ಹೋಗ್ತೀವಿ," ಎಂದು ಅತ್ತೆ ಬಾಗಿಲು ಎಳೆದುಕೊಂಡರು.

ಮದುವೆಯಾದಾಗಿನಿಂದ ನೀವು ನನ್ನನ್ನು ಕರೆದದ್ದು 'ಏ ಇವಳೇ' ಎಂದು. ಅದನ್ನೂ ಹಾಕಿ ನೋಡಿದೆ. ಅದೂ ಅಲ್ಲವಂತೆ.

ಎಲ್ಲರೂ ಬಾಗಿಲಾಚೆ ಕಾಯುತ್ತಿದ್ದಾರೆ. ಕೀಲಿಮಣೆಯ ಸದ್ದು ನಿಂತರೆ ಮೈದುನ ಕೆಮ್ಮುತ್ತಾನೆ. ಅದಕ್ಕೇ ಇದನ್ನು ಟೈಪ್ ಮಾಡುತ್ತಲೇ ಇದ್ದೇನೆ.