ನೂರು ವರ್ಷದ ಆಶೀರ್ವಾದ ವಾಪಸು

ಮಾನ್ಯ ಅಧಿಕಾರಿಗಳೇ,

ನಮ್ಮ ಅಜ್ಜಿ ನಿಂಗವ್ವ ಖಾನಾಪುರದ ತಮ್ಮ ಕಚೇರಿಗೆ ಒಂದು ಕಾಗದ ತಂದರು. ತಾವು ಅದನ್ನು ತೆಗೆದುಕೊಳ್ಳದೆ ಆಶೀರ್ವಾದ ಕೊಟ್ಟು ಕಳಿಸಿದಿರಿ. ಸದರಿ ಆಶೀರ್ವಾದವನ್ನು ಬಳಸದ ಸ್ಥಿತಿಯಲ್ಲಿ ಇದರೊಂದಿಗೆ ಹಿಂತಿರುಗಿಸುತ್ತಿದ್ದೇನೆ.

‘ವಾಸಿಯಾಗುವ ಭರವಸೆಯಿಲ್ಲವೆಂದು ವೈದ್ಯರು ಹೇಳಿದ ಮೇಲೆ ನನ್ನನ್ನು ಯಂತ್ರಕ್ಕೆ ಜೋಡಿಸಿ ಉಸಿರಾಡಿಸಬೇಡಿ’ ಎಂದು ಅಜ್ಜಿ ಇಬ್ಬರು ಸಾಕ್ಷಿಗಳ ಮುಂದೆ, ನೋಟರಿಯ ಎದುರು ಸಹಿ ಹಾಕಿದ ಕಾಗದ ಅದು. ಅಂಥ ಕಾಗದಗಳನ್ನು ಜೋಪಾನ ಮಾಡಲೆಂದೇ ಸರ್ಕಾರ ತಮ್ಮನ್ನು ನೇಮಿಸಿದೆ. ಆದರೆ ಮೊದಲ ಮೇಜಿನವರು, “ಯಜ್ಜಿ, ಮುಂಜಮುಂಜಾನೆ ಸಾಯೂ ಮಾತ್ಯಾಕ? ಇನ್ನೂ ನೂರು ವರ್ಷ ಬಾಳ್ತೀರಿ, ಚಾ ಕುಡೀರಿ” ಎಂದರು. ಎರಡನೆಯವರು ಕಾಲಿಗೇ ಬಿದ್ದರು. ತಾವು ಕಾಗದ ಮಡಚಿ, ಬಾಳೆಹಣ್ಣಿನ ಜೊತೆ ಅಜ್ಜಿಯ ಚೀಲಕ್ಕೆ ಹಾಕಿ, “ಮಂಗಳವಾರ ಇಂಥಾದ್ದು ತಗೋಬಾರ್ದ್ರೀ” ಎಂದಿರಿ.

“ಹಂಗಾರ ಮಂಗಳವಾರ ಸತ್ತವರನ್ನ ನೀವು ಬರಕೊಳ್ಳೂದಿಲ್ಲೇನ್ರೀ ಸಾಹೇಬ್ರ?” ಎಂದು ಅಜ್ಜಿ ಕೇಳಿದ್ದಕ್ಕೆ ತಾವು ಇನ್ನೊಂದು ಬಾಳೆಹಣ್ಣು ಕೊಟ್ಟಿರಿ.

ಸಾಯಿಸಿರಿ ಎಂದು ಅಜ್ಜಿ ಕೇಳಿಲ್ಲ. ಹೊರಟಾಗ ಹಿಡಿದು ನಿಲ್ಲಿಸಬೇಡಿರಿ ಎಂದಿದ್ದಾರೆ. ಮನೆಯವರು ದುರುಪಯೋಗ ಮಾಡಿದರೆ ಎಂಬ ಅಂಜಿಕೆ ತಮಗಿದ್ದರೆ ಅದು ಸರಿಯೇ. ಅದಕ್ಕೆಂದೇ ಅಜ್ಜಿ ಬುದ್ಧಿ ನೆಟ್ಟಗಿರುವಾಗ ಸ್ವತಃ ಬರೆಸಿದ್ದು. ಇಲ್ಲದಿದ್ದರೆ ನಿರ್ಧಾರ ಯಾರ ಕೈಗೆ ಬೀಳುತ್ತದೆ? ಹೋದ ತಿಂಗಳು ಅಜ್ಜಿಯ ಕನ್ನಡಕ ಅಡಗಿಸಿಟ್ಟು ಅರ್ಧ ದಿನ ನಕ್ಕ ನನ್ನ ಕೈಗೆ.

ನಾನು ಒಮ್ಮೆ ನಿರ್ಧಾರ ಮಾಡಿದ್ದೂ ಉಂಟು. ಅಜ್ಜಿಯ ಗಂಡ ದುಂಡಪ್ಪಜ್ಜ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದರು. ಬಾಯಿಗೆ ಹಾಕಿದ ಉಸಿರಿನ ನಳಿಗೆ ಕಿತ್ತುಕೊಳ್ಳುತ್ತಾರೆಂದು ಆಸ್ಪತ್ರೆಯವರು ಅಜ್ಜನ ಕೈ ಮಂಚಕ್ಕೆ ಕಟ್ಟಿದ್ದರು. ಇನ್ನು ಏನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದಾಗಲೆಲ್ಲ “ಇನ್ನೊಂದು ದಿನ ನೋಡೂಣು” ಎಂದವನು ನಾನೇ. ನಮ್ಮವರು ಹೋದವರನ್ನು ಕೂರಿಸಿ, ವಿಭೂತಿ ಹಚ್ಚಿ ಮಣ್ಣಿಗೆ ಕಳಿಸುತ್ತಾರೆ. ಅಜ್ಜನ ಮಣಿಕಟ್ಟಿನ ಕಪ್ಪು ಗುರುತಿನ ಮೇಲೆ ಅಜ್ಜಿ ಎಷ್ಟು ವಿಭೂತಿ ಹಚ್ಚಿದರೂ ಅದು ಮುಚ್ಚಲಿಲ್ಲ.

“ನನ್ನ ಕೈ ಕಟ್ಟಸಬ್ಯಾಡೋ ಗೌರ್ಯಾ,” ಎಂದರು ಅಜ್ಜಿ ಆಮೇಲೆ. “ಆವಾಗ ಹೇಳೂಣಂದ್ರ ಬಾಯಾಗ ನಳಿಗಿ ಇರ್ತೈತಿ. ಈಗ ಬರಕೋ.”

ಬರುವ ಮಂಗಳವಾರವೇ ಖಾನಾಪುರದ ಬಸ್ಸು ಹತ್ತಿ ಮತ್ತೆ ಬರುತ್ತೇವೆ. ಚಹಾ ಬೇಡ, ಬಾಳೆಹಣ್ಣು ಬೇಡ. ಕಾಗದ ತೆಗೆದುಕೊಂಡು, ಮುಟ್ಟಿದೆಯೆಂದು ಮೊಹರು ಒತ್ತಿಕೊಡಿ. ಒತ್ತಿದ ಮೇಲೆ ಬೇಕಾದಷ್ಟು ಆಶೀರ್ವದಿಸಿ. ನೂರು ವರ್ಷಕ್ಕೆ ಅಜ್ಜಿಯ ತಕರಾರೇನೂ ಇಲ್ಲ.

ಇಂತಿ,
‘ಇನ್ನೊಂದು ದಿನ ನೋಡೂಣು’ ಎಂದಿದ್ದ ಮೊಮ್ಮಗ,
ಗೌರೀಶ