ಹಲ್ಲಿ, ಹಳ್ಳಿ ಒಂದಾದ ಫೈಲು

ಮತ್ತಿಗಿರಿ,
೨೧-೨-೧೯೮೮, ಭಾನುವಾರ

ಮದರಾಸಿನಲ್ಲಿರುವ ಶ್ರೀ ನಾರಾಯಣಪ್ಪನವರಿಗೆ ಪಾರ್ವತಮ್ಮನ ನಮಸ್ಕಾರಗಳು.

ಮೂರು ವರ್ಷದ ಮೇಲೆ ನನ್ನ ಕೈಬರಹ ಕಂಡು ಗಾಬರಿಯಾಗಬೇಡಿ. ಸಂಸಾರ ಸರಿಮಾಡಿಕೊಳ್ಳೋಣ ಎಂದು ಬರೆದ ಪತ್ರವಲ್ಲ ಇದು. ಲಿಸ್ಪ್ ಬಗ್ಗೆ ಮೂರು ಪ್ರಶ್ನೆಗಳಿವೆ. ಹೊಸೂರಿನಲ್ಲಿ ಯಾರನ್ನು ಕೇಳಿದರೂ ಆ ಕಂಪ್ಯೂಟರ್ ಭಾಷೆಯ ಹೆಸರೇ ಗೊತ್ತಿಲ್ಲ ಅನ್ನುತ್ತಾರೆ. ನಮ್ಮ ಫ್ಯಾಕ್ಟರಿಗೆ ರಿಪೇರಿಗೆಂದು ಬರುವ ಎಂಜಿನಿಯರ್, ಆಫೀಸಿನಲ್ಲಿ ಟೈಪ್ ಮಾಡುವವರಿಗೆ ಇದೆಲ್ಲ ಯಾಕೆ ಎಂದು ನಕ್ಕುಬಿಟ್ಟರು. ಬೇರೆ ದಾರಿ ಕಾಣದೆ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಲಿಸ್ಪ್ ಫ್ಲಾಪಿ ಮತ್ತು ನೀಲಿ ರಟ್ಟಿನ ಪುಸ್ತಕ ಕಳೆದುಹೋಗಿಲ್ಲ. ಮದರಾಸು ಬಿಟ್ಟ ದಿನ ನಾನೇ ಸೀರೆಗಳ ನಡುವೆ ಇಟ್ಟುಕೊಂಡು ಬಂದೆ. ಯಂತ್ರಕ್ಕೆ ಮನುಷ್ಯರ ಮಾತು ಅರ್ಥವಾಗುವಂತೆ ಮಾಡುವ ಕೆಲಸ ನಿಮ್ಮದು. ಸಂಜೆ ಅಡುಗೆಮನೆಯ ಬಾಗಿಲಲ್ಲಿ ಕುಳಿತು ನನಗೂ ಒಂದಿಷ್ಟು ಹೇಳಿಕೊಡುತ್ತಿದ್ದಿರಿ. ಪಟ್ಟಿ ಮಾಡುವುದು, ಅದರ ತಲೆ ತೆಗೆಯುವುದು, ಉಳಿದದ್ದನ್ನು ಮತ್ತೆ ಪಟ್ಟಿ ಎಂದುಕೊಳ್ಳುವುದು. ಫೈಲು ಓದುವ ಪಾಠ ಬರುವಷ್ಟರಲ್ಲಿ ನಾವು ಬೇರೆಯಾಗಿದ್ದೆವು.

ನಾನು ಮಾಡುತ್ತಿದ್ದ ಕೆಲಸ ಇಷ್ಟು. ಇಲ್ಲಿ ನನ್ನ ಜೊತೆಗಿರುವ ನಿಮ್ಮವ್ವ ಹನುಮಕ್ಕನವರ ಬಾಯಲ್ಲಿ ಬರುವ, ನಾನು ಬೇರೆಲ್ಲೂ ಕೇಳದ ಮಾತುಗಳನ್ನು ಎರಡು ವರ್ಷದಿಂದ ಬರೆದಿಡುತ್ತಿದ್ದೆ. ಡೆಂಕಣಿಕೋಟೆಯ ಆಚೆಗಿನ ನಿಮ್ಮ ಹೊಲದ ಕಳೆಗಳ ಹೆಸರು, ದನದ ಮೈಬಣ್ಣದ ಹೆಸರು, ಕಾಡಂಚಿನ ಹುಲ್ಲುಗಳ ಹೆಸರು. ರಾಗಿ ತೆನೆ ಕಟ್ಟಿದ ಮೇಲೆ ಆನೆಯನ್ನು ಆನೆ ಎನ್ನಬಾರದಂತೆ. "ಹೆಸ್ರು ಹಿಡಿದು ಕೂಗಿದ್ರೆ ಬಂದ್ಬುಡ್ತದೆ ಕಣಮ್ಮ, ದೊಡ್ಡೋರು ಅನ್ನು" ಎಂದು ನನ್ನನ್ನು ಗದರಿಸಿದ್ದರು. ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು, ಮಾರನೆಯ ದಿನ ಊಟದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿಗೆ ಹಾಕುತ್ತಿದ್ದೆ. ಹಾಕಿದ ಮೇಲೆ ಆ ಚೀಟಿಗಳಿಂದಲೇ ಅವರು ಸ್ನಾನದ ಒಲೆ ಹೊತ್ತಿಸುತ್ತಿದ್ದರು. "ಮಿಷಿನ್‌ಗೆ ಹಾಕಾಯ್ತಲ್ಲ, ಇನ್ಯಾಕೆ" ಅನ್ನುವರು. ನನಗೂ ಅದು ಸರಿ ಅನ್ನಿಸಿತ್ತು.

ಕನ್ನಡ ಅಕ್ಷರವಿಲ್ಲದ ಯಂತ್ರ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಒಂದು ಕ್ರಮ ಮಾಡಿಕೊಂಡೆ. ಲ ಇದ್ದರೆ ಚಿಕ್ಕ ಎಲ್, ಳ ಇದ್ದರೆ ದೊಡ್ಡ ಎಲ್. ತ-ಟ, ನ-ಣ ಕೂಡ ಹಾಗೆಯೇ. ಸಾಲಿಗೊಂದು ಮಾತು, ಒಟ್ಟು ಸಾವಿರದ ನೂರ ನಲವತ್ತು ಸಾಲು. ಅರ್ಥವನ್ನು ಆಮೇಲೆ ಸೇರಿಸೋಣ ಎಂದುಕೊಂಡಿದ್ದೆ.

ಜನವರಿಯಲ್ಲಿ ಅದನ್ನು ಅಕಾರಾದಿಯಾಗಿ ಜೋಡಿಸಿ, ಎರಡೆರಡು ಸಲ ಬಂದದ್ದನ್ನು ತೆಗೆದು ಅಚ್ಚು ಹಾಕಿಸಬೇಕಾಗಿತ್ತು. ಅವಸರವಿತ್ತು. ಪುಸ್ತಕ ನೋಡಿಕೊಂಡು ರೀಡ್ ಎಂಬ ಆಜ್ಞೆ ಬಳಸಿದೆ. ಕೆಲವು ಮಾತುಗಳ ಮುಂದೆ ಅಲ್ಪವಿರಾಮ ಹಾಕಿ ಇನ್ನೊಂದು ರೂಪ ಬರೆದಿದ್ದೆ. ಅಂಥ ಸಾಲು ಬಂದಲ್ಲೆಲ್ಲ ಯಂತ್ರ ತಪ್ಪು ಎಂದು ನಿಂತಿತು. ನಾಲ್ಕು ದಿನ ಕುಳಿತು ಅಲ್ಪವಿರಾಮಗಳನ್ನೆಲ್ಲ ಅಳಿಸಿದೆ. ಆಮೇಲೆ ಫೈಲು ಮುಗಿದದ್ದಕ್ಕೂ ತಪ್ಪು ಎಂದಿತು. ಮುಗಿಯುವುದೂ ತಪ್ಪೇ? ಸಿಟ್ಟಿನಲ್ಲಿ ಕೊನೆಯ ಸಾಲಿಗೆ 'ಮುಗೀತು' ಎಂಬ ಮಾತು ಸೇರಿಸಿ, ಅದು ಕಂಡಾಗ ನಿಲ್ಲು ಎಂದು ಹೇಳಿದೆ. ಅಂತೂ ಓಡಿತು. ಓಡಿತೆಂದು ಖುಷಿಯಲ್ಲಿ, ಹಳೆಯ ಹೆಸರಿನ ಫೈಲಿಗೇ ಹೊಸ ಪಟ್ಟಿ ಬರೆಸಿದೆ. ಬೇರೆ ಪ್ರತಿ ಇಟ್ಟುಕೊಂಡಿರಲಿಲ್ಲ.

ತೆರೆದು ನೋಡಿದರೆ ಆ ರೀಡ್ ಚಿಕ್ಕಕ್ಷರಗಳನ್ನೆಲ್ಲ ದೊಡ್ಡಕ್ಷರ ಮಾಡಿಬಿಟ್ಟಿತ್ತು. ಹಲ್ಲಿ, ಹಳ್ಳಿ ಎರಡೂ ಒಂದೇ. ಬಲೆ, ಬಳೆ ಒಂದೇ. ಅತ್ತೆಯೂ ಚಪ್ಪಲಿಯ ಅಟ್ಟೆಯೂ ಒಂದೇ. ಒಂದೇ ಆದ ಮೇಲೆ ಎರಡನೆಯದನ್ನು ಕಿತ್ತೂ ಹಾಕಿದೆ. ಹಾಗೆ ಮಾಡೆಂದು ಹೇಳಿದ್ದು ನಾನೇ. ಒಂಬೈನೂರ ಹನ್ನೆರಡು ಸಾಲು ಉಳಿದಿವೆ. ಬಳೆಯನ್ನೋ ಹಳ್ಳಿಯನ್ನೋ ನಾನು ಗುರುತಿಸಬಲ್ಲೆ. ಆದರೆ ಅವ್ವನಿಗೆ ಮಾತ್ರ ಗೊತ್ತಿದ್ದ ಹುಲ್ಲಿನ ಹೆಸರಿನಲ್ಲಿ ಲ ಇತ್ತೋ ಳ ಇತ್ತೋ ನನಗೆ ಹೇಗೆ ತಿಳಿಯಬೇಕು? ಆ ದಿನ ಕ್ಯಾಂಟೀನಿನಲ್ಲಿ ತಟ್ಟೆ ಮುಂದಿಟ್ಟುಕೊಂಡು ಅತ್ತುಬಿಟ್ಟೆ.

ಈಗ ನನ್ನ ಪ್ರಶ್ನೆಗಳು. ಫೈಲು ಮುಗಿಯಿತೆಂದು ಯಂತ್ರ ತಪ್ಪು ಹೇಳದೆ ಸುಮ್ಮನೆ ನನಗೆ ತಿಳಿಸುವಂತೆ ಮಾಡುವುದು ಹೇಗೆ? ಅಕ್ಷರ ಬದಲಿಸದೆ, ಅಲ್ಪವಿರಾಮಕ್ಕೆ ಮುನಿಯದೆ, ಸಾಲನ್ನು ಇದ್ದ ಹಾಗೇ ತೆಗೆದುಕೊಳ್ಳುವ ಆಜ್ಞೆ ಇದೆಯೇ? ನಿಮ್ಮ ಪುಸ್ತಕದ ಆ ಭಾಗದ ಹಾಳೆಗಳು ಕಿತ್ತುಹೋಗಿವೆ. ಮೂರನೆಯದು, ಹೊಸದನ್ನು ಮೇಲೇ ಬರೆದುಬಿಟ್ಟ ಫೈಲಿನಿಂದ ಹಳೆಯದನ್ನು ವಾಪಸು ತೆಗೆಯಬಹುದೇ?

ಅವ್ವನಿಂದಲೇ ಮತ್ತೆ ಹೇಳಿಸಿಕೊಂಡರಾಯಿತಲ್ಲ ಎಂದು ಕೇಳುತ್ತೀರಿ. ಅವರು ಊಟ ಮಾಡುತ್ತಾರೆ, ಬೆಳಿಗ್ಗೆ ಬಾಗಿಲ ಬಿಸಿಲಿಗೆ ಕೂರುತ್ತಾರೆ. ಮತ್ತೆ ಹೇಳಿಸಿಕೊಳ್ಳಲು ಆಗುವುದಿಲ್ಲ, ಅಷ್ಟೇ.

ಈ ಮಾತುಗಳನ್ನು ಯಾಕೆ ಕೂಡಿಹಾಕಿದೆ ಎಂಬುದು ನಿಮಗೆ ಗೊತ್ತಿರಬೇಕು. ಮದರಾಸಿನ ಮನೆಗೆ ನಿಮ್ಮ ಸ್ನೇಹಿತರು ಊಟಕ್ಕೆ ಬಂದಿದ್ದ ದಿನ ಅವ್ವ ಹೊರಗೆ ಬಂದು, "ಅದ್ಯಾಕಂಗೆ ಓಡ್ತೀರ, ಇನ್ನೊಂದ್ ಮುದ್ದೆ ಉಂಡ್ಕಂಡ್ ಹೋಗ್ರಪ್ಪ" ಎಂದರು. ನೀವು ತಲೆಯೆತ್ತದೆ, "ನೀನು ಒಳಗಿರವ್ವ, ನಿನ್ನ ಭಾಷೆ ಇವರಿಗೆ ಅರ್ಥವಾಗಲ್ಲ" ಎಂದಿರಿ. ಅರ್ಥವಾಗದೆ ಏನು? ಅವರಲ್ಲಿ ಇಬ್ಬರು ಬೆಂಗಳೂರಿನವರು. ಮಾರನೆಯ ಬೆಳಿಗ್ಗೆ ಅವ್ವ ಗಂಟು ಕಟ್ಟಿದರು. ನಾನು ಅವರ ಜೊತೆ ಹೊರಟೆ. ಸ್ಟೇಷನ್ನಿಗೆ ನೀವು ಬರಲಿಲ್ಲ. ಯಂತ್ರಕ್ಕೆ ಮಾತು ಕಲಿಸುವವರ ಮನೆಯಲ್ಲಿ ಹೀಗಾಯಿತಲ್ಲ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಈಗ ನೋಡಿದರೆ ಆ ಮಾತುಗಳನ್ನು ಹಾಳುಮಾಡಿದವಳು ನಾನು.

ಉತ್ತರವನ್ನು ಆಫೀಸಿನ ವಿಳಾಸಕ್ಕೆ ಬರೆಯಿರಿ. ಉದಾಹರಣೆ ಕೊಡುವುದಾದರೆ ಪೂರ್ತಿ ಕೊಡಿ. ನಿಮಗೆ ಸುಲಭವೆನಿಸಿದ್ದನ್ನು ಬಿಟ್ಟುಬಿಡುವ ಅಭ್ಯಾಸ ನಿಮ್ಮದು.

ಇಂತಿ,
ಪಾರ್ವತಮ್ಮ

ಮ.ವಿ.: ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ದೀಪಾವಳಿಯಾದ ಮೇಲೆ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ ಎತ್ತಲಾರರು, ಮಾತು ನಿಂತಿದೆ. ನಿಮಗೆ ಮೊದಲು ಕೋಪಕ್ಕೆ ತಿಳಿಸಲಿಲ್ಲ, ಆಮೇಲೆ ಹೆದರಿ ತಿಳಿಸಲಿಲ್ಲ. ಅದು ನನ್ನ ತಪ್ಪು, ಬೈಯುವುದಿದ್ದರೆ ಎದುರಿಗೆ ಬಂದು ಬೈಯಿರಿ. ಮೂರನೆಯ ಪ್ರಶ್ನೆಗೆ ಯಂತ್ರದಲ್ಲಿ ಉತ್ತರವಿಲ್ಲ ಎಂಬುದು ನನಗೆ ಗೊತ್ತು. ಮೊನ್ನೆ ಆ ಪಟ್ಟಿಯನ್ನು ಅವರ ಮುಂದೆ ಓದಿದೆ. ತಪ್ಪಾಗಿ ಅಂದಾಗ ಮುಖ ತಿರುಗಿಸಿದರು, ಸರಿಯಾದಾಗ ಎಡಗೈ ಎತ್ತಿದರು. ಒಂದು ಗಂಟೆಗೆ ನಾಲ್ಕೇ ಮಾತು ಸರಿಹೋದವು. ಆ ಮಾತು ಕೇಳಿ ಬೆಳೆದವರು ನೀವು. ಬಂದು ಅವರ ಪಕ್ಕ ಕುಳಿತು ನೀವೇ ಓದಿ.