ಅಗಸೆ ಹೊಲದ ಮುಂದೆ ನಿಂತ ಕೆಂಪಿ

ವಾಲ್‌ಡಾಲ್, ನಾರ್ತ್ ಡಕೋಟಾ
ಜುಲೈ 9, 1986

ಮುದ್ದಿನ ಮಾರಿತ್,

ನೀನೂ ಹೊಟ್ಟೆಯೊಳಗಿನ ಪುಟಾಣಿಯೂ ಕ್ಷೇಮವೆಂದು ನಂಬಿದ್ದೇನೆ. ನಿನ್ನಮ್ಮನನ್ನು ಮಣ್ಣು ಮಾಡಿ ವಾರವಾದರೂ ಈ ಸೋದರಮಾವನಿಂದ ಒಂದು ಸಾಲೂ ಬರಲಿಲ್ಲವೆಂದು ಮುನಿಸಿಕೊಂಡಿರುತ್ತೀ. ಮುನಿಸಿಕೋ, ಆದರೆ ಮಲಗಿಕೊಂಡೇ ಮುನಿಸಿಕೋ. ಹೆರಿಗೆಯಾಗುವವರೆಗೆ ಕಾಲು ಕೆಳಗಿಡಬಾರದೆಂದು ಡಾಕ್ಟರು ಹೇಳಿದ್ದಾರಲ್ಲ. ಕಾಗದ ಹಿಡಿದಾಗಲೆಲ್ಲ ಕೈಯ ಪೆಟ್ರೋಲ್ ವಾಸನೆ ಮೂಗಿಗೆ ಬಡಿದು ಪೆನ್ನು ಕೆಳಗಿಡುತ್ತಿದ್ದೆ. ಬರೆಯಲು ಬಾರದೆ ಅಲ್ಲ. ನಮ್ಮ ಹಳ್ಳಿ ಶಾಲೆಯಲ್ಲಿ ನನ್ನಷ್ಟು ದುಂಡಗೆ ಬರೆಯುವವನು ಇನ್ನೊಬ್ಬನಿರಲಿಲ್ಲ. ಶಾಲೆಯಲ್ಲಿದ್ದವರೇ ಬೆರಳೆಣಿಕೆಯ ಮಕ್ಕಳು, ಅದು ಬೇರೆ ಮಾತು.

ಮುಂದಿನ ಸಲ ನನ್ನನ್ನು ನೋಡಿದಾಗ ಗುರುತು ಸಿಗದಿದ್ದರೆ ಗಾಬರಿಯಾಗಬೇಡ. ಮೀಸೆ ಹೋಯಿತು. ಹೇಗೆ ಹೋಯಿತೆಂದು ಹೇಳುತ್ತೇನೆ.

ಆಸ್ಪತ್ರೆಯಿಂದ ಫೋನು ಮಾಡಿ ನೀನು ಅತ್ತದ್ದು ಇನ್ನೂ ಕಿವಿಯಲ್ಲಿದೆ. "ಮಾವಾ, ಅಮ್ಮನ್ನ ಅವಸರ ಅವಸರವಾಗಿ ಕಳಿಸ್ಬೇಡ. ನಾನಂತೂ ಬರೋಕಾಗಲ್ಲ. ನನ್ನ ಪರವಾಗಿ ಸ್ವಲ್ಪ ಹೊತ್ತು ಅವಳ ಹತ್ರ ನಿಂತ್ಕೊ" ಅಂದೆ. ನಾನು ಹೂಂ ಅಂದುಬಿಟ್ಟೆ. ನಿಲ್ಲುವುದು ಹೇಗೆಂದು ಮಾತ್ರ ತಿಳಿಯಲಿಲ್ಲ. ಯಾಕೆಂದರೆ ಶವಸಂಸ್ಕಾರದ ವ್ಯವಸ್ಥೆ ನೋಡುವ ಡಾಲ್ ಸಾಹೇಬರು ಎಲ್ಲವನ್ನೂ ಗಡಿಯಾರಕ್ಕೆ ಕಟ್ಟಿಹಾಕಿದ್ದರು. ಹತ್ತಕ್ಕೆ ಪ್ರಾರ್ಥನೆ, ಅದು ಮುಗಿಯುತ್ತಲೇ ಗುಡ್ಡದ ಮೇಲಿನ ಸ್ಮಶಾನ, ಹನ್ನೆರಡಕ್ಕೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಪಾದ್ರಿಗಳಿಗೆ ಮಧ್ಯಾಹ್ನ ಪಕ್ಕದೂರಿನಲ್ಲಿ ಮದುವೆ ಬೇರೆ ಇತ್ತು.

ನಿನ್ನಮ್ಮ ಇಂಗಾಳ ಆಸೆ ನಿನಗೆ ಗೊತ್ತೇ ಇದೆ. ಹೆಣ ಸಾಗಿಸುವ ಕರಿ ಕಾರು ಬೇಡ, ಹುಲ್ಲುಗಾಡಿಯ ಮೇಲೆ ಪೆಟ್ಟಿಗೆಯಿಟ್ಟು ನಮ್ಮ ಹಳೆ ಟ್ರಾಕ್ಟರು ಕೆಂಪಿಗೆ ಕಟ್ಟಿ, ಹಾಲ್ವರ್ ಓಡಿಸಲಿ. ನಮ್ಮಲ್ಲಿ ಎಷ್ಟೋ ರೈತರು ತಮ್ಮ ಟ್ರಾಕ್ಟರಿನ ಹಿಂದೆಯೇ ಹೋಗಿದ್ದಾರೆ. ಡಾಲ್ ಮಾತ್ರ ಮೂಗು ಮುರಿದರು.

"ಹಾಲ್ವರ್, ಆ ಟ್ರಾಕ್ಟರು ಹಿಟ್ಲರನ ಕಾಲದ್ದು. ದಾರೀಲಿ ಕೈಕೊಟ್ರೆ ಏನ್ ಗತಿ?"

"ಕೆಂಪಿ ನನ್ನ ಕೈಲಿ ನಿಂತ್ರೆ ಈ ಮೀಸೆ ಬೋಳಿಸ್ಕೋತೀನಿ, ತಗೊಳಿ!" ಅಂದೆ. ಕಾಫಿ ಅಂಗಡಿಯಲ್ಲಿ, ಊರೆಲ್ಲ ಕೇಳುವ ಹಾಗೆ.

"ಹಾಗಾದ್ರೆ ಹಿಂದಿನ ದಿನ ಚರ್ಚಿನಿಂದ ಗುಡ್ಡದವರೆಗೆ ಒಮ್ಮೆ ಓಡಿಸಿ ತೋರಿಸಿ. ನಿಂತ್ರೆ ನನ್ನ ಕಾರೇ" ಅಂದರು ಡಾಲ್.

ಒಪ್ಪಿದೆ. ಡಾಲ್ ಬರುವ ಮೊದಲು ನಾನೇ ಓಡಿಸಿ ನೋಡೋಣವೆಂದು ಚರ್ಚಿನ ಅಂಗಳದಲ್ಲಿ ಟ್ಯಾಂಕು ತುಂಬಿಸಿ ಹೊರಟೆ. ಕೆಂಪಿ ಒಂದೇ ಎಳೆತಕ್ಕೆ ಹತ್ತಿಕೊಂಡಿತು. ಮುದಿ ಹಸುವಿನ ಹಾಗೆ ತಲೆದೂಗುತ್ತ ಹೋಯಿತು. ನಿನ್ನಮ್ಮನ ಅಗಸೆ ಹೊಲದ ಮುಂದೆ ಕೆಮ್ಮಿತು, ಬಿಕ್ಕಿತು, ಸತ್ತಿತು. ಕೊಂಚ ಹೊತ್ತು ಬಿಟ್ಟು ಎಬ್ಬಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಇನ್ನಷ್ಟು ದೂರ ಹೋಗಿ ಮತ್ತೆ ಸತ್ತಿತು.

ಹಿಂದೆ ಪಿಕಪ್ಪಿನಲ್ಲಿ ನೆರೆಮನೆಯ ಕ್ನೂಟ್ ಬರುತ್ತಿದ್ದ. ಕಿಟಕಿಯಿಂದ ತಲೆ ಹಾಕಿ, "ಏನಯ್ಯಾ, ಸೋಪು ನೊರೆ ತರ್ಲಾ?" ಅಂದ.

"ಬಾಯ್ಮುಚ್ಚಿ ಸ್ಪ್ಯಾನರ್ ಕೊಡು" ಅಂದೆ.

ಎಂಜಿನ್ನು ನಿಂತ ಕೂಡಲೇ ಪ್ಲಗ್ಗಿನ ವೈರು ಕಿತ್ತು ನೋಡಿದೆ. ನೀಲಿ ಕಿಡಿ ಚಟ್ಟೆಂದು ಹಾರಿತು. ಕಿಡಿಯಿದೆ ಅಂದಮೇಲೆ ಹೊಟ್ಟೆಗೆ ಅನ್ನ ಹೋಗುತ್ತಿಲ್ಲ. ಕಾರ್ಬೊರೇಟರಿನ ಕೆಳಗಿನ ತಿರುಪು ಬಿಚ್ಚಿದೆ. ಪೆಟ್ರೋಲು ಮೊದಲು ಧಾರೆಯಾಗಿ ಬಂದು, ಆಮೇಲೆ ತೊಟ್ಟಿಕ್ಕಿ, ನಿಂತೇ ಹೋಯಿತು. ಟ್ಯಾಂಕಿನ ಕೆಳಗಿನ ಗಾಜಿನ ಬಟ್ಟಲು ಕಳಚಿದೆ. ತುಕ್ಕು, ಒಂದಿಷ್ಟು ನೀರು. ತೊಳೆದೆ. ಜಾಲರಿ ಉಜ್ಜಿದೆ. ಕೊಳವೆಗೆ ಬಾಯಿಟ್ಟು ಊದಿದೆ; ಆ ರುಚಿ ಇನ್ನೂ ನಾಲಿಗೆಯಲ್ಲಿದೆ. "ಈಗ ನೋಡು ನಿನ್ನ ಹಾಲ್ವರನ ಕೈಚಳಕ" ಅಂದು ತಿರುಗಿ ಚರ್ಚಿಗೆ ತಂದು, ಟ್ಯಾಂಕು ತುಂಬಿಸಿ ಮತ್ತೆ ಹೊರಟೆ. ಸರಿಯಾಗಿ ಅದೇ ಅಗಸೆ ಹೊಲದ ಮುಂದೆ ನಿಂತಿತು. ಟ್ಯಾಂಕು ಅರ್ಧವಿದ್ದಾಗ ಓಡಿಸಿದರೆ ಸೇತುವೆ ದಾಟಿ ನಿಲ್ಲುತ್ತಿತ್ತು. ಕ್ನೂಟನೂ ತಮಾಷೆ ನಿಲ್ಲಿಸಿದ. ಡಾಲ್ ಬರುವ ಹೊತ್ತಾಗುತ್ತಿತ್ತು.

ಪೆಟ್ರೋಲು ಎಷ್ಟಿದೆಯೋ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ ನೋಡು, ಉಸ್ಸೆಂದು ಗಾಳಿ ಒಳಗೆ ನುಗ್ಗಿತು! ಬಹಳ ಹೊತ್ತು ಉಸಿರು ಹಿಡಿದ ಮುದುಕಿ ನಿಟ್ಟುಸಿರು ಬಿಟ್ಟ ಹಾಗೆ. ಬಿಚ್ಚಿಟ್ಟಿದ್ದ ತಿರುಪಿನ ತೂತಿನಿಂದ ಪೆಟ್ರೋಲು ಧೋ ಎಂದು ಸುರಿಯತೊಡಗಿತು. ನಾನೂ ಕ್ನೂಟನೂ ಮುಖ ಮುಖ ನೋಡಿಕೊಂಡೆವು. ಮುಚ್ಚಳದ ನೆತ್ತಿಯಲ್ಲಿ ಗಾಳಿಯಾಡಲು ಸೂಜಿಮೊನೆಯಷ್ಟು ತೂತು ಇರಬೇಕು. ಅದು ಬಣ್ಣದಡಿ ಮುಚ್ಚಿಹೋಗಿತ್ತು. ಹೊರಗಿನ ಗಾಳಿ ಒಳಗೆ ಹೋಗದಿದ್ದರೆ ಒಳಗಿನ ಪೆಟ್ರೋಲು ಕೆಳಗಿಳಿಯುವುದು ಹೇಗೆ?

ಹೋದ ವರ್ಷ ಶರತ್ಕಾಲದಲ್ಲಿ ನಿನ್ನಮ್ಮ ತಾನೇ ಕುಂಚ ಹಿಡಿದು ಕೆಂಪಿಗೆ ಬಣ್ಣ ಬಳಿದಿದ್ದಳು. ಅಲ್ಲಿಗೆ ಬೇಡ ಇಲ್ಲಿಗೆ ಬೇಡ ಎನ್ನದೆ, ಮುಚ್ಚಳಕ್ಕೂ ಒಂದರ ಮೇಲೊಂದು ಕೈ ಬಳಿದಿದ್ದಳು.

"ಈ ವಯಸ್ಸಲ್ಲಿ ಇದಕ್ಕೆ ಯಾರ ಮದುವೆಗೆ ಸಿಂಗಾರ, ಇಂಗಾ?" ಅಂತ ಕೆಣಕಿದ್ದೆ.

"ನನ್ನ ಮೆರವಣಿಗೆಗೆ ಕಣೋ. ಹೊಳೀಬೇಕು" ಅಂದಿದ್ದಳು.

ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆ ಅಂದುಕೊಂಡೆ. ಡಾಕ್ಟರು ಅವಳಿಗೆ ಆಗಲೇ ಎಲ್ಲ ಹೇಳಿದ್ದರಂತೆ. ಅದು ನಮಗೆ ತಿಳಿದದ್ದು ಯಾವಾಗ ಎಂದು ನಿನಗೂ ಗೊತ್ತು.

ಸೂಜಿ ತಂದು ತೂತು ಬಿಡಿಸಿದೆ. ಡಾಲ್ ಬಂದರು. ಕೆಂಪಿ ಎಲ್ಲೂ ನಿಲ್ಲದೆ ಗುಡ್ಡ ಹತ್ತಿ ಇಳಿಯಿತು. "ಆಯ್ತಪ್ಪಾ, ನೀವೇ ಗೆದ್ರಿ" ಅಂದು ಹೋದರು.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಚೆನ್ನಾಗಿಯೇ ಆಯಿತು, ಕೊಂಚ ಅವಸರವಾಯಿತು. ಪೆಟ್ಟಿಗೆಯನ್ನು ಹುಲ್ಲುಗಾಡಿಗೇರಿಸಿ ಅವಳ ಹೊಲಿಗೆಯ ಕೌದಿ ಹೊದಿಸಿದೆವು. ಮುಂದೆ ನಾನು, ಹಿಂದೆ ಡಾಲರ ಖಾಲಿ ಕರಿ ಕಾರು, ಅದರ ಹಿಂದೆ ಊರು. ಅಗಸೆ ಹೊಲದ ಮುಂದೆ ಬಂದೆವು. ಕೆಂಪಿ ಕೆಮ್ಮಿತು, ಬಿಕ್ಕಿತು, ನಿಂತಿತು.

"ಹಾಲ್ವರ್, ಮೀಸೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಒಂದಿಬ್ಬರು ನಕ್ಕರು. ನಾನು ಇಳಿದು, ಡಾಕ್ಟರ ಹಾಗೆ ತಲೆಯಲ್ಲಾಡಿಸುತ್ತ ಗಾಜಿನ ಬಟ್ಟಲು ಬಿಚ್ಚತೊಡಗಿದೆ. ಟ್ಯಾಂಕಿನೊಳಗೆ ಇನ್ನೇನೋ ಕಸ ಉಳಿದಿತ್ತೆಂದು ಕಾಣುತ್ತದೆ.

ಜನ ಕಾರಿನಿಂದ ಇಳಿದರು. ಹೊಲ ತುಂಬ ನೀಲಿ ಹೂ ಬಿಟ್ಟಿತ್ತು ಮಾರಿತ್. ಅಗಸೆ ಹೂವಿನ ಆಯುಸ್ಸು ನಿನಗೆ ಗೊತ್ತಲ್ಲ, ಬೆಳಿಗ್ಗೆ ಅರಳಿದರೆ ಮಧ್ಯಾಹ್ನಕ್ಕೆ ಉದುರುತ್ತದೆ. ಗಾಳಿಗೆ ಕೆರೆಯ ನೀರಿನಂತೆ ತೆರೆ ಏಳುತ್ತಿತ್ತು. ಗಂಡಸರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಒಬ್ಬರಿಗೊಬ್ಬರು ಮೋಡ ತೋರಿಸಿಕೊಂಡರು. ನಮ್ಮವರು ಹೇಗೆಂದು ನಿನಗೆ ಗೊತ್ತು, ಸಾಯುವಾಗಲೂ ಹವಾಮಾನದ ಸುದ್ದಿಯನ್ನೇ ಆಡುವ ಜನ. ಕೊನೆಗೆ ಕ್ನೂಟ್ ಗಾಡಿಯ ಹತ್ತಿರ ಬಂದು ಕೌದಿಯ ಮೇಲೆ ಕೈಯಿಟ್ಟ.

"ಆಲಿಕಲ್ಲು ಬಿದ್ದ ವರ್ಷ ನಾನು ಆಸ್ಪತ್ರೇಲಿದ್ದೆ. ನನ್ನ ಹೊಲಾನ ಇವಳೇ ಇದೇ ಕೆಂಪೀಲಿ ಮತ್ತೆ ಬಿತ್ತಿದ್ಳು. ಉಪಕಾರವಾಯ್ತು ಅಂತ ನಾನು ಒಂದ್ ಮಾತೂ ಹೇಳ್ಲಿಲ್ಲ, ಇಂಗಾ" ಅಂದ.

ಆಮೇಲೆ ಅವನ ಹೆಂಡತಿ ಬಂದಳು. ಆಮೇಲೆ ಅಂಚೆಯವನು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಕೌದಿ ಮುಟ್ಟಿದರು, ಏನೇನೋ ಹೇಳಿದರು. ಪಾದ್ರಿಗಳು ಕೈಗಡಿಯಾರವನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡರು. ಡಾಲ್ ಮಾತ್ರ, "ತಡವಾಯ್ತು, ನನ್ನ ಕಾರಿಗೆ ಸಾಗಿಸೋಣ್ವಾ?" ಅಂದರು.

ಕ್ನೂಟ್ ತಿರುಗಿ, "ಇಂಗಾಳಿಗೇನೂ ಅವಸರ ಇಲ್ಲ. ನಿಮಗಿದ್ರೆ ಮುಂದೆ ಹೋಗಿ ಕಾಫಿ ಕುಡೀತಿರಿ" ಅಂದ.

ಆಮೇಲೆ ಕೆಂಪಿ ಎದ್ದಿತು. ಗುಡ್ಡ ಹತ್ತುವವರೆಗೆ ಒಂದು ಬಿಕ್ಕೂ ಇಲ್ಲ. ಅವಳನ್ನು ನಿನ್ನಪ್ಪನ ಪಕ್ಕದಲ್ಲೇ ಮಲಗಿಸಿದೆವು. ಊಟಕ್ಕೆ ತಡವಾಗಿ ಆಲೂಗಡ್ಡೆ ಆರಿಹೋಗಿತ್ತು, ಯಾರೂ ಗೊಣಗಲಿಲ್ಲ. ಮರುದಿನ ಕ್ನೂಟನೇ ಬಂದು ನನ್ನ ಮೀಸೆ ಬೋಳಿಸಿದ. ಯಾಕೋ ಒಂದು ತಮಾಷೆಯನ್ನೂ ಆಡದೆ, ಮೆಲ್ಲಗೆ ಬೋಳಿಸಿದ.

ಧೈರ್ಯವಾಗಿರು. ಹೊತ್ತು ಹೊತ್ತಿಗೆ ಉಣ್ಣು. ಹುಟ್ಟುವ ಮಗುವಿಗೆ ನಿನ್ನಮ್ಮನ ಕೈಯ ಬಲವೂ ನನ್ನ ಬಾಯಿಯ ಬಲವೂ ಬರಲಿ, ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಮಾವ,
ಹಾಲ್ವರ್

ತಾ.ಕ.: ಟ್ಯಾಂಕಿನಲ್ಲಿ ಕಸವಿರಲಿಲ್ಲ ಮಾರಿತ್. ಇದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ. ಡಾಲ್ ಒಪ್ಪಿ ಹೋದ ಮೇಲೆ ಶೆಡ್ಡಿನಲ್ಲಿ ನಿನ್ನಮ್ಮನ ಬಣ್ಣದ ಡಬ್ಬ ಕಂಡಿತು. ತಳದಲ್ಲಿ ಒಂದಿಷ್ಟು ಕೆಂಪು ಉಳಿದಿತ್ತು. ನಾನೇ ಬಿಡಿಸಿದ ತೂತಿನ ಮೇಲೆ ಅವಳ ಕುಂಚದಿಂದಲೇ ಒಂದು ಬೊಟ್ಟು ಇಟ್ಟೆ. ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಟ್ಯಾಂಕನ್ನು ಕಂಠಮಟ್ಟ ತುಂಬಿಸಿದೆ; ತುಂಬಿದ್ದರೆ ಅಗಸೆ ಹೊಲದ ಮುಂದೆಯೇ ನಿಲ್ಲುತ್ತದೆಂದು ಹಿಂದಿನ ದಿನವೇ ಕಂಡಿದ್ದೆನಲ್ಲ. ಟ್ರಾಕ್ಟರನ್ನು ಯಾರು ಬೇಕಾದರೂ ಓಡಿಸಬಲ್ಲರು, ಬೇಕಾದ ಕಡೆ ನಿಲ್ಲಿಸಲು ನಿನ್ನ ಮಾವನೇ ಆಗಬೇಕು. ನಿಂತ್ಕೊ ಅಂದಿದ್ದೆಯಲ್ಲ, ನಿನ್ನ ಪರವಾಗಿ ನಿಂತಿದ್ದೆ ಪುಟ್ಟಿ.

ಆದರೆ ಹೊಲದ ಮುಂದಿನಿಂದ ಹೊರಡುವ ಹೊತ್ತಿಗೆ ನನ್ನ ಕೈ ಮುಚ್ಚಳದ ಮೇಲಿದ್ದರೂ ತಿರುಗಿಸಲಾಗಲಿಲ್ಲ. ತಿರುಗಿಸಿದರೆ ಅವಳು ಹೋಗಿಬಿಡುತ್ತಾಳೆ. ಕ್ನೂಟ್ ಬಂದು ನನ್ನ ಕೈ ಸರಿಸಿ ತಾನೇ ತಿರುಗಿಸಿದ. ಉಸ್ಸೆಂದಿತು. ಅವನು ಆ ಕೆಂಪು ಬೊಟ್ಟು ನೋಡಿದ, ನನ್ನ ಮುಖ ನೋಡಿದ, ಮುಚ್ಚಳವನ್ನು ಸಡಿಲವಾಗಿ ಕೂರಿಸಿ ಸುಮ್ಮನೆ ಹಿಂದೆ ಹೋದ.

ಆ ಬೊಟ್ಟು ಇನ್ನೂ ಹಾಗೆಯೇ ಇದೆ. ಸೂಜಿ ಚುಚ್ಚಲು ನನಗೆ ಕೈ ಬರುತ್ತಿಲ್ಲ. ಮಗುವನ್ನೆತ್ತಿಕೊಂಡು ಬಂದಾಗ ನೀನೇ ಬಿಡಿಸು.